ಮಲ್ಲಿಕಸಾಬರ ಮೂಗು

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಮೂಸಿ ದರ್ಜೆ ಹೇಳುವ ಮಲ್ಲಿಕಸಾಬರಿಗೆ ಚೀನಾ ಎಂದರೆ ಭಯ. ಅಲ್ಲಿ ಬೆಳೆ ಚೆನ್ನಾಗಿದೆಯೆಂದು ಯಾರಾದರೂ ಅಂದರೆ ಸಾಕು, ಇವರಿಗೆ ಇಲ್ಲಿ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಚಹಾದಂಗಡಿಯಲ್ಲಿ ಹಳೆಯ ಪತ್ರಿಕೆ ತಿರುವುತ್ತ, "ಸ್ಪೇನಿನ್ಯಾಗ ಖಾರನ ಇಲ್ಲದ ಕಾಯಿ ಬೆಳೀತಾರಂತ್ರಿ, ಬರೇ ಬಣ್ಣಕ್ಕ. ಚೀನಾದವರು ಅದನ್ನ ಗುಡ್ಡದಂಗ ಒಟ್ಟ್ಯಾರಂತ. ಇನ್ನ ನಮ್ಮ ಕಾಯಿ ಯಾರ ಕೇಳ್ತಾರ?" ಎನ್ನುತ್ತಾರೆ. ರಾಣೆಬೆನ್ನೂರಿನ ಬಸ್ಸಿನಿಂದ ಪೆಟ್ಟಿಗೆ ಹಿಡಿದು ಯಾರೇ ಇಳಿದರೂ ಅದರಲ್ಲಿ ಬಣ್ಣ ಅಳೆಯುವ ಯಂತ್ರವಿದೆಯೆಂದು ಇವರಿಗೆ ಗುಮಾನಿ. ಒಮ್ಮೆ ವಿಮೆ ಏಜೆಂಟನೊಬ್ಬನ ಪೆಟ್ಟಿಗೆಯನ್ನು ಪೇಟೆಯ ಬಾಗಿಲಲ್ಲೇ ಬಿಚ್ಚಿಸಿ ನೋಡಿದ್ದರು. "ಯಂತ್ರಕ್ಕ ಬಣ್ಣ ಕಾಣತೈತಿ, ವಾಸನಿ ಎಲ್ಲಿ ತಿಳಿತೈತ್ರಿ?" ಎನ್ನುತ್ತ ಕಾಯಿ ಮುರಿದು, ಅರ್ಧವನ್ನು ತೊಟ್ಟು ಬಿಡಿಸುವ ಹೆಂಡತಿ ಗುಲಾಬಬಿಯ ಕೈಗಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ. ರಾಶಿಯ ಒಡೆಯ ಬೆವರುತ್ತ ನಿಂತಿರುತ್ತಾನೆ. ಗುಲಾಬಬಿ ಏನೋ ಪಿಸುಗುಟ್ಟಿದ ಮೇಲೆಯೇ ಇವರು ಕಣ್ಣು ತೆರೆದು ದರ್ಜೆ ಹೇಳುವುದು. ಯಾವ ರಾಶಿಗೆ ಹೋದರೂ ಆಕೆ ಪಕ್ಕದಲ್ಲಿರಬೇಕು. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ಪೇಟೆಯವರೆಲ್ಲ ನಗುತ್ತೇವೆ. ಮೊನ್ನೆ ಆಕೆಗೆ ಜ್ವರ, ಬಂದಿರಲಿಲ್ಲ. ಹತ್ತು ಹೆಜ್ಜೆ ದೂರಕ್ಕೇ ಮುಗ್ಗಲು ವಾಸನೆ ಹೊಡೆಯುತ್ತಿದ್ದ ರಾಶಿಯ ಮುಂದೆ ಮಲ್ಲಿಕಸಾಬರು ಎಂದಿನಂತೆ ಕಾಯಿ ಮುರಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುರಿದ ಅರ್ಧ ಈ ಸಲ ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೆ ಬಂತು. ಕಣ್ಣು ತೆರೆಯದೆಯೇ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ವಾಸನಿ ಹೆಂಗೈತಿ, ಲಗೂ ಹೇಳ್ರಿ" ಎಂದರು.