ಪೈಪಿನ ಮೇಲಿಟ್ಟ ನಳಿಗೆ

ಏರ್‌ಗನ್ನಿನ ಸದ್ದು ದೊಡ್ಡದಲ್ಲ. ಒದ್ದೆ ಗೋಣಿಯನ್ನು ಕಲ್ಲಿಗೆ ಒಮ್ಮೆ ಬಡಿದಂತೆ, ಅಷ್ಟೆ. ಈಗಲೂ ಮನೆಯಲ್ಲಿ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ನನ್ನ ಕೈ ತಾನಾಗಿ ಎಡಗಣ್ಣಿನ ಕೆಳಗೆ ಹೋಗುತ್ತದೆ. ಗುಂಡು ತಗುಲಿದ್ದು ನನಗಲ್ಲ, ನಮ್ಮ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಬರುತ್ತಿದ್ದ ಹೆಂಗಸಿಗೆ. ನಾನು ನೋಡುತ್ತಾ ನಿಂತಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಗುಂಡು ಎತ್ತ ಹೋಗುತ್ತದೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಬಂದೂಕು ತಂದದ್ದು ನನ್ನ ಭಾವ, ಗಂಡನ ಅಣ್ಣ. ನನ್ನ ಗಂಡ ಆಲೂರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ; ತೋಟಕ್ಕೆ ಭಾವನದೇ ಉಸ್ತುವಾರಿ. ಬಾಳ್ಳುಪೇಟೆಯಿಂದ ಒಳಗೆ ಬಂದರೆ ಸಿಗುವ ನಮ್ಮ ತೋಟ ದೊಡ್ಡದೇನಲ್ಲ. ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ಕಾಫಿ ಒಣಗಿಸುವ ಕಣದಾಚೆ ನಾಲ್ಕು ಕಿತ್ತಳೆ ಗಿಡ. ಕೋತಿಗಳು ಕಿತ್ತಳೆ ತಿನ್ನುವುದಕ್ಕಿಂತ ಕಿತ್ತೆಸೆಯುವುದೇ ಹೆಚ್ಚು. ಪಟಾಕಿ ಹೊಡೆದೆವು, ಡಬ್ಬ ಬಡಿದೆವು. ಮೂರು ದಿನ ಹೆದರಿ ನಾಲ್ಕನೆಯ ದಿನ ಅವು ಡಬ್ಬದ ಸದ್ದಿಗೇ ಬರತೊಡಗಿದವು. ಆಗ ಭಾವ ದುರ್ಬೀನು ಕೂರಿಸಿದ ಏರ್‌ಗನ್ ತಂದರು.

ಗುರಿ ಹೊಂದಿಸಿದ ದಿನ ಕಾರ್ಡಿನ ಕೆಲಸ ನನ್ನದಾಗಿತ್ತು. ಹಳೆಯ ಮದುವೆ ಕಾರ್ಡಿನ ಬೆನ್ನಿಗೆ ನನ್ನ ಬಳೆ ಇಟ್ಟು ಒಂದು ಸುತ್ತು ಬರೆದೆ, ನಡುವೆ ರೂಪಾಯಿ ನಾಣ್ಯ ಇಟ್ಟು ಇನ್ನೊಂದು. ಅದನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದೆ. ಭಾವ ಮೇಜಿನ ಮೇಲೆ ಕಾಫಿ ಹೊಟ್ಟು ತುಂಬಿದ ಚೀಲ ಇಟ್ಟು, ಅದರ ಮೇಲೆ ಅಂಗೈ, ಅಂಗೈ ಮೇಲೆ ಬಂದೂಕು ಇಟ್ಟು ಐದು ಗುಂಡು ಹೊಡೆದರು. ಐದೂ ನಾಣ್ಯದೊಳಗೆ. ಭಾವನ ಮುಖ ನೋಡಬೇಕಿತ್ತು.

ಆದರೆ ಕೋತಿ ಬಂದಾಗ ಯಾರೂ ಮೇಜು, ಚೀಲ ಹುಡುಕುವುದಿಲ್ಲ. ಕಣದ ಅಂಚಿಗೆ ಕಬ್ಬಿಣದ ಪೈಪಿನ ತಡೆ ಇದೆ. ಭಾವ ಓಡಿ ಹೋಗಿ ನಳಿಗೆಯನ್ನು ಅದರ ಮೇಲಿಟ್ಟು ಹೊಡೆಯುತ್ತಿದ್ದರು. ಅದು ಕೋವಿಯ ಕಾಲದ ಅಭ್ಯಾಸ. ಈ ಮನೆಯ ಗಂಡಸರು ಬಂದೂಕು ಕೈಗೆ ಬಂದ ಕೂಡಲೇ ಮೊದಲು ಹುಡುಕುವುದು ನಳಿಗೆ ಒರಗಿಸುವ ಜಾಗವನ್ನು: ಮರದ ಕವೆ, ಗೋಡೆ, ಪೈಪು. ಕೋವಿಗೆ ಅದು ನಡೆಯುತ್ತದೆ. ಅದರಿಂದ ಹೊರಡುವುದು ಹಿಡಿ ತುಂಬ ಚರೆಗುಂಡು, ನಾಲ್ಕು ಬೆರಳು ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ. ಏರ್‌ಗನ್ನಿನದು ಒಂದೇ ಗುಂಡು.

ಒಂದು ಮಧ್ಯಾಹ್ನ ಭಾವ ಪೈಪಿನ ಮೇಲಿಂದಲೇ ಕಾರ್ಡಿಗೆ ಹೊಡೆದರು. ಕಾರ್ಡಿಗೆ ಒಂದೂ ತಾಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಹಲಗೆಯಲ್ಲಿ, ಕಾರ್ಡಿಗಿಂತ ಮೇಲೆ, ಮೂರು ತೂತು.

"ಗುಂಡೇ ಸರಿ ಇಲ್ಲ," ಅಂದರು ಭಾವ.

"ಪೈಪಿನ ಮೇಲೆ ಇಟ್ಟಿದ್ದಕ್ಕೆ ಭಾವ," ಅಂದೆ. "ಒಳಗೆ ಸ್ಪ್ರಿಂಗ್ ಹೊಡ್ದಾಗ ಗುಂಡು ಇನ್ನೂ ನಳಿಗೆಯಲ್ಲೇ ಇರುತ್ತೆ. ಅದು ಆಚೆ ಬರೋದ್ರೊಳಗೆ ನಳಿಗೆ ನಡುಗುತ್ತೆ. ಚೀಲದ ಮೇಲಿದ್ರೆ ಪ್ರತಿ ಸಲ ಒಂದೇ ಥರ ನಡುಗುತ್ತೆ. ಕಬ್ಬಿಣದ ಮೇಲೆ ಪುಟಿದು ಮೂತಿ ಮೇಲಕ್ಕೆ ಹೋಗುತ್ತೆ."

"ಏ ಮಾರಾಯ್ತಿ, ನಿನ್ ಬಿಎಸ್ಸಿನ ಹಾಸನದ ಕಾಲೇಜಲ್ಲೇ ಬುಟ್ಟು ಬರ್ಬೇಕಿತ್ತು ಕಣಮ್ಮ. ನಮ್ಮಪ್ಪ ಇದೇ ಪೈಪ್ ಮೇಲೆ ಕೋವಿ ಮಡಗಿ ಹಂದಿ ಹೊಡ್ದವ್ರೆ. ಆವಾಗ ನಡುಗ್ಲಿಲ್ವಾ ಇದು?"

ಕಾಲೇಜಿನ ಪ್ರಯೋಗಾಲಯದಲ್ಲಿ ಶ್ರುತಿಕವೆಯನ್ನು ರಬ್ಬರಿಗೆ ಬಡಿದು ಕೈಯಲ್ಲಿ ಹಿಡಿದರೆ ಕಿವಿಗೆ ಹತ್ತಿರ ತಂದರಷ್ಟೇ ಕೇಳುತ್ತಿತ್ತು. ಅದರ ಬುಡವನ್ನು ಮೇಜಿಗೆ ಊರಿದರೆ ಮೇಜೇ ಗುಂಯ್ ಎನ್ನುತ್ತಿತ್ತು. ನಡುಗುವ ಲೋಹ ಯಾವುದರ ಮೇಲೆ ಕೂತಿದೆ ಎಂಬುದೇ ಎಲ್ಲ. ಇದನ್ನು ಭಾವನಿಗೆ ಹೇಳಲಿಲ್ಲ. ಮರುದಿನ ಪೈಪಿಗೆ ಒಂದು ಗೋಣಿ ಮಡಿಸಿ ಹಾಕಿದೆ. ಸಂಜೆ ಅದು ನೆಲದ ಮೇಲಿತ್ತು. "ಕಣದಾಗೆ ಬಟ್ಟೆ ಒಣಗ್ಹಾಕೋರು ಯಾರು?" ಎಂದು ಭಾವ ಕೇಳುತ್ತಿದ್ದದ್ದು ಒಳಗೆ ಕೇಳಿಸಿತು. ಇನ್ನೊಮ್ಮೆ ಹಾಕಲಿಲ್ಲ. ಹಾಕಬಹುದಿತ್ತು.

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು. ಹಣ್ಣು ಬಿಡಿಸುವ ಹೆಂಗಸರು ಕಿತ್ತಳೆ ಗಿಡಗಳ ಹಿಂದಿನ ಏರಿನಲ್ಲಿದ್ದರು. ರೋಬಸ್ಟಾ ಗಿಡ ಎತ್ತರ, ಏಣಿ ಬೇಕು. ಅವರಲ್ಲಿ ಒಬ್ಬಳು, ತಲೆಗೆ ಹಳದಿ ಟವೆಲ್ ಕಟ್ಟಿದ್ದವಳು, ಏಣಿಯ ಮೇಲಿದ್ದಳು. ಕಿತ್ತಳೆ ಗಿಡಕ್ಕೆ ಕೋತಿ ಬಂದು ಕೂತದ್ದನ್ನು ಮೊದಲು ಕಂಡವಳೂ ಅವಳೇ.

"ಅಕ್ಕಾ, ನಿಮ್ಮನೆಗೆ ನೆಂಟ್ರು ಬಂದವ್ರೆ! ಕಾಫಿ ಕೊಡಲ್ವಾ?"

"ಹಾಲಿಲ್ಲ ಅಂತ ಹೇಳು," ಅಂದೆ. ಉಳಿದ ಹೆಂಗಸರು ನಕ್ಕರು.

ಭಾವ ಬಂದೂಕು ಹಿಡಿದು ಬಂದರು. "ಸುಮ್ನಿರ್ರಿ, ಓಡ್ಬುಡ್ತದೆ." ನಳಿಗೆ ಪೈಪಿಗೆ ತಾಗಿ ಟಿಣ್ ಎಂದಿತು.

ನಾನು ಅವರ ಹಿಂದೆ, ಒಂದು ಮಾರು ದೂರದಲ್ಲಿದ್ದೆ. ನನಗೆ ಕೋತಿಯ ಬೆನ್ನು ಕಾಣುತ್ತಿತ್ತು. ಬೆನ್ನಿಗಿಂತ ಗೇಣಷ್ಟು ಮೇಲೆ, ಅದೇ ನೇರಕ್ಕೆ, ಎಲೆಗಳ ನಡುವೆ ಹಳದಿ ಟವೆಲ್. ದುರ್ಬೀನಿನಲ್ಲಿ ಒಂದು ಕಣ್ಣಿಟ್ಟವರಿಗೆ ಕೋತಿ ಮಾತ್ರ ಕಾಣುತ್ತದೆ. ಹಲಗೆಯ ಮೂರು ತೂತು ನನ್ನ ಕಣ್ಣ ಮುಂದೆ ಬಂದವು. "ಭಾ" ಎಂದೆ. ಈ ಮನೆಯಲ್ಲಿ ಸೊಸೆಯಂದಿರು ಭಾವನನ್ನು ಕೂಗಿ ಕರೆಯುವುದಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ. ಒಂಬತ್ತು ವರ್ಷದಲ್ಲಿ ಗಂಟಲು ತಾನೇ ಕಲಿತುಕೊಂಡಿದೆ. ಉಳಿದ ಅಕ್ಷರ ಬರುವಷ್ಟರಲ್ಲಿ ಸದ್ದಾಯಿತು.

ಕೋತಿ ಕೈಯಲ್ಲಿದ್ದ ಹಣ್ಣನ್ನು ಬಿಡದೆ ಒಮ್ಮೆ ನಮ್ಮತ್ತ ನೋಡಿ ಹಾರಿತು. ಹಳದಿ ಟವೆಲ್ ನಿಧಾನಕ್ಕೆ ಒಂದು ಕಡೆ ವಾಲಿತು. ಮೊದಲು ಬಿದ್ದದ್ದು ಸೊಂಟಕ್ಕೆ ಕಟ್ಟಿದ್ದ ಚೀಲದ ಹಣ್ಣು, ಆಮೇಲೆ ಅವಳು.

ಹೆಚ್ಚು ರಕ್ತ ಬಂದಿರಲಿಲ್ಲ. ಎಡಗಣ್ಣಿನಿಂದ ಬೆರಳಗಲ ಕೆಳಗೆ ಮೆಣಸಿನ ಕಾಳಿನಷ್ಟು ತೂತು. ಕಣ್ಣು ಆಗಲೇ ಊದಿ ಮುಚ್ಚಿಕೊಳ್ಳುತ್ತಿತ್ತು.

ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಕಲೇಶಪುರದ ದಾರಿಯುದ್ದಕ್ಕೂ ಭಾವ ಸ್ಟೇರಿಂಗ್ ಹಿಡಿದು ಒಂದೇ ಮಾತು ಹೇಳಿದರು. "ಕಾಫಿ ಕಡ್ಡಿ ಚುಚ್ತು ಅನ್ನಿ. ಏಣಿಯಿಂದ ಜಾರಿದ್ಲು, ಕಡ್ಡಿ ಚುಚ್ತು, ಅಷ್ಟೇಯ. ಕೋತಿಗೆ ಹೊಡೆಯೋಕೆ ಹೋಗಿದ್ದು ಅಂತ ಗೊತ್ತಾದ್ರೆ ಫಾರೆಸ್ಟ್‌ನೋರು ಬತ್ತಾರೆ, ಪೊಲೀಸ್ರು ಬತ್ತಾರೆ. ತಿಳೀತಾ?"

"ಆಯ್ತು ಸಾವ್ಕಾರ್ರೆ, ಕಡ್ಡಿ ಅಂತೀನಿ," ಅಂದಳು ಅವಳು. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆತ್ತಗೆ, "ಅಕ್ಕ, ಕಣ್ಣು ಐತಾ ನೋಡಿ."

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. "ಕಡ್ಡಿ," ಅಂದಳು. ಭಾವ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ಹತ್ತಿಯಿಂದ ಒರೆಸಿದರು. ಕಡ್ಡಿಯ ಗಾಯವೆಂದರೆ ತೊಳೆದು ಪಟ್ಟಿ ಕಟ್ಟುತ್ತಾರೆ, ಮನೆಗೆ ಕಳಿಸುತ್ತಾರೆ. ಗುಂಡು ಒಳಗೇ ಇತ್ತು. ಅದು ಇನ್ನೆಷ್ಟು ಒಳಗೆ ಹೋಗಿದೆಯೋ, ಕಣ್ಣಿಗೆ ತಾಗಿದೆಯೋ, ಯಾರಿಗೂ ಗೊತ್ತಿರಲಿಲ್ಲ.

"ಏರ್‌ಗನ್," ಅಂದೆ. "ಒಳಗೆ ಸೀಸದ ಗುಂಡು ಇದೆ. ಎಕ್ಸ್‌ರೇ ತೆಗೀರಿ."

ಎಕ್ಸ್‌ರೇಯಲ್ಲಿ ಕಣ್ಣಿನ ಗುಳಿಯ ಅಂಚಿಗೆ ಒಂದು ಬಿಳಿ ಚುಕ್ಕೆ ಕಂಡಿತು. ಅಲ್ಲಿಂದ ಹಾಸನಕ್ಕೆ ಕಳಿಸಿದರು, ಗುಂಡು ತೆಗೆದರು. ಕಣ್ಣು ಉಳಿಯಿತು. ಆದರೆ ಆ ಕಣ್ಣಿಗೆ ಈಗ ಎಲ್ಲವೂ ನೀರಿಳಿಯುವ ಗಾಜಿನಾಚೆ ಇದ್ದಂತೆ ಕಾಣುತ್ತದಂತೆ.

ಪೊಲೀಸರು ಬಂದರು, ಬಂದೂಕು ಒಯ್ದರು. ದೂರು ಬೇಡವೆಂದು ಅವಳೇ ಹೇಳಿದಳು, ಅಥವಾ ಹೇಳಿಸಿದರು. ಕೆಲವು ದಿನಗಳ ಮೇಲೆ ಬಂದೂಕು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮನೆಗೆ ಬಂತು. ನನ್ನನ್ನು ಯಾರೂ ಬೈಯಲಿಲ್ಲ. ನಾನು ಬಡಿಸಲು ಹೋದರೆ ಭಾವ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೆ. ಬಂದವರಿಗೆಲ್ಲ ಒಂದೇ ಮಾತು: "ಗುರಿ ಸರಿಯಾಗೇ ಇತ್ತು ಕಣ್ರೀ. ಅವಳು ಅಡ್ಡ ಬಂದ್ಲು." ಏಣಿಯ ಮೇಲೆ ನಿಂತಿದ್ದವಳು ಅಡ್ಡ ಬರುವುದು ಹೇಗೆಂದು ಒಬ್ಬರೂ ಕೇಳಲಿಲ್ಲ.

ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಬಾಳ್ಳುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಳು. ನಾನು ಅವಳ ಎಡಕ್ಕಿದ್ದೆ. ನನ್ನನ್ನು ಕಾಣಲು ಇಡೀ ಮುಖ ತಿರುಗಿಸಬೇಕಾಯಿತು.

"ಏನಕ್ಕ, ನೆಂಟ್ರು ಬತ್ತಾವ್ರಾ?" ಅಂದಳು.

ನನಗೆ ನಗಲು ಆಗಲಿಲ್ಲ. ಅವಳೂ ನಗಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು.

ಆ ವಾರವೇ ನಾನು ಅಟ್ಟದಿಂದ ಬಂದೂಕು ಇಳಿಸಿದೆ. ತೋಟದಲ್ಲಿ ಯಾರೂ ಇಲ್ಲದ ದಿನ, ಹಲಗೆಯ ಹಿಂದೆ ಮಣ್ಣಿನ ದಿಬ್ಬ ಬರುವಂತೆ ನಿಲ್ಲಿಸಿ, ಈ ಸಲ ಬಳೆಯ ಸುತ್ತು ಬರೆದ ದೊಡ್ಡ ರಟ್ಟಿಗೆ ಮೊಳೆ ಹೊಡೆದು, ಚೀಲದ ಮೇಲಿಟ್ಟು ಐದು, ಪೈಪಿನ ಮೇಲಿಟ್ಟು ಐದು ಹೊಡೆದೆ. ಒಂದೇ ಗುರಿ, ಒಂದೇ ಕೈ. ಚೀಲದವು ಬಳೆಯ ಸುತ್ತಿನೊಳಗಿದ್ದವು. ಪೈಪಿನವು ಅದನ್ನು ಬಿಟ್ಟು ಮೇಲೆ, ಚೆಲ್ಲಾಪಿಲ್ಲಿ. ರಟ್ಟನ್ನು ಒಯ್ದು ಭಾವನ ಮುಂದೆ ಇಟ್ಟೆ. ಅವಳು ಈಗ ಎಲ್ಲಿದ್ದಾಳೆ, ಕಣ್ಣು ಹೇಗಿದೆ ಎಂದು ಒಂದು ಮಾತು ಕೇಳಿದರೆ ಸಾಕೆಂದು ನಿಂತಿದ್ದೆ.

ಭಾವ ರಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಎರಡು ಗುಂಪಿನ ನಡುವೆ ಬೆರಳಿಟ್ಟು ಅಳೆದರು.

"ಹಂಗಾರೆ ಪೈಪ್ ಮೇಲಿಟ್ರೆ ನಾಕ್ ಬೆರಳು ಕೆಳಗೆ ಹಿಡೀಬೇಕು ಅಂತಾಯ್ತು," ಅಂದರು.

ಈ ವರ್ಷವೂ ಹಣ್ಣು ಬಿಡಿಸಲು ಹೆಂಗಸರು ಬಂದಿದ್ದಾರೆ, ಬೇರೆಯವರು. ಕಿತ್ತಳೆ ಗಿಡ ಅಲುಗಿದ ಸದ್ದು ಕೇಳಿದರೆ ನಾನು ಒಲೆ ಆರಿಸಿ ಹೋಗುತ್ತೇನೆ, ಗಿಡದ ಹಿಂದಿನ ಏರಿನಲ್ಲಿ, ಏಣಿಗಳ ಮುಂದೆ, ಕಣದಿಂದ ಕಾಣುವಂತೆ ನಿಲ್ಲುತ್ತೇನೆ. ಕೋತಿ ತಿಂದು ಮುಗಿಸುವವರೆಗೂ ನಿಲ್ಲುತ್ತೇನೆ. ಮನೆಯ ಸೊಸೆ ನಿಂತ ಕಡೆಗೆ ಭಾವ ಬಂದೂಕು ತಿರುಗಿಸುವುದಿಲ್ಲ.