ನಾನು ಆರಿಸಿಕೊಟ್ಟ ಮೂರು ಪದಗಳು

ಮರೆವಿನ ಕಾಯಿಲೆಯ ಬಗ್ಗೆ ಅಧ್ಯಯನ ಮಾಡುವವರು ನಮ್ಮೂರಿಗೆ ಬಂದಾಗ ಮೊದಲು ಹುಡುಕಿಕೊಂಡು ಬಂದದ್ದು ನನ್ನನ್ನು. ಮೂಡಿಗೆರೆಯಿಂದ ಒಳಗೆ, ಎಸ್ಟೇಟುಗಳ ನಡುವಿನ ಈ ಊರಿನಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು ನಾನು. ಯಾವ ಮನೆಗೆ ಯಾವ ಹೊತ್ತಿಗೆ ಹೋದರೆ ಜನ ಸಿಗುತ್ತಾರೆಂದು ನನಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದೂ ಅದೇ. ಊರಿನವರು ಜೊತೆಗಿಲ್ಲದೆ ಇಂಥ ಕೆಲಸ ಆಗುವುದಿಲ್ಲ, ಕೇಳುವ ಪ್ರಶ್ನೆಗಳನ್ನೂ ಊರಿನವರೇ ನೋಡಿ ತಿದ್ದಿಕೊಡಬೇಕು ಎಂದರು.

ಮೊದಲ ಸಭೆ ಕಾಫಿ ಒಣಗಿಸುವ ಕಣದಲ್ಲಿ, ಕೆಲಸ ಬಿಟ್ಟ ಮೇಲೆ ನಡೆಯಿತು. ಎಸ್ಟೇಟಿನ ಮೇಸ್ತ್ರಿ ಎದ್ದು ನಿಂತು, "ಅಲ್ಲ ಮೇಡಂ, ಅರವತ್ತಾದ್ಮೇಲೆ ಅರಳುಮರಳು. ಹಿಂದಿನಿಂದ್ಲೂ ಇರೋದೇ. ಅದಕ್ಕೇನು ಪರೀಕ್ಷೆ?" ಎಂದರು.

"ನಿಮಗೆ ನಲವತ್ತಕ್ಕೇ ಶುರುವಾಗಿದೆ ಮೇಸ್ತ್ರಿಗಳೇ," ಎಂದಳು ಹಿಂದೆ ಕೂತಿದ್ದ ಒಬ್ಬಳು. "ನಿನ್ನೆ ಕುಯ್ದು ಮುಗಿಸಿದ ತೋಟಕ್ಕೇ ಇವತ್ತು ಮತ್ತೆ ಕಳ್ಸಿದ್ರಿ."

ಜನ ನಕ್ಕರು. ಆಮೇಲೆ ಮಾತು ಸುಲಭವಾಯಿತು.

ಪರೀಕ್ಷೆಯಲ್ಲಿ ಒಂದು ಭಾಗ ಹೀಗಿತ್ತು: ಮೂರು ಪದ ಹೇಳುವುದು, ನಡುವೆ ಬೇರೆ ಏನೇನೋ ಕೇಳುವುದು, ಕೊನೆಗೆ ಆ ಮೂರನ್ನು ಹೇಳಿ ಎನ್ನುವುದು. ಅವರ ಹಾಳೆಯಲ್ಲಿದ್ದ ಪದಗಳಲ್ಲಿ ಒಂದು 'ವಿಮಾನ ನಿಲ್ದಾಣ'. ಇದನ್ನು ನಮ್ಮ ಹಿರಿಯರು ಕಂಡೇ ಇಲ್ಲ ಎಂದೆ. ಹಾಗಾದರೆ ನೀವೇ ಹೇಳಿ ಎಂದರು. ನಾನು ಹೇಳಿದೆ: ಕಂಬಳಿ, ಏಣಿ, ನಿಂಬೆಹಣ್ಣು. ಬರೆದುಕೊಂಡರು.

ಆಮೇಲೆ ಹಲವು ವಾರ ಮನೆ ಮನೆ ತಿರುಗಿದೆ. ಮರೆವು ನಾಚಿಕೆಪಡುವಂಥದ್ದಲ್ಲ, ಜ್ವರದ ಹಾಗೆ ಅದೂ ಒಂದು ಕಾಯಿಲೆ, ಇಷ್ಟವಿದ್ದರೆ ಸೇರಿ, ಬೇಡವಾದರೆ ಬೇಡ ಎಂದು ಎಲ್ಲರಿಗೂ ಹೇಳಿದೆ. ಹೇಳದೆ ಬಿಟ್ಟದ್ದು ನನ್ನ ಮನೆಯಲ್ಲಿ ಮಾತ್ರ.

ನಮ್ಮ ಮನೆಯಲ್ಲಿ ಇರುವವರು ಇಬ್ಬರು, ನಾನು ಮತ್ತು ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಎಷ್ಟೋ ವರ್ಷ ಎಸ್ಟೇಟಿನಲ್ಲಿ ಹಣ್ಣು ಕುಯ್ದವಳು, ಬೀಜ ಆರಿಸಿದವಳು. ಈಚೆಗೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಕತ್ತಿ ಅಕ್ಕಿ ಡಬ್ಬದಲ್ಲಿ ಸಿಗುತ್ತಿತ್ತು. ಯಾರಾದರೂ ಏನಾದರೂ ಕೇಳಿದರೆ ಅವಳು ನನ್ನ ಮುಖ ನೋಡುತ್ತಿದ್ದಳು, ಉತ್ತರ ನಾನು ಕೊಡುತ್ತಿದ್ದೆ. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವಳ ಹೆಸರು ಆ ಕಾಯಿಲೆಯ ಪಟ್ಟಿಗೆ ಸೇರಿತೆಂದರೆ ಮನೆಯಲ್ಲಿ ನಾನು ಒಬ್ಬಳೇ ಆದೆನೆಂದು ಅರ್ಥ. ನನಗೆ ಆಗ ಹಾಗೆ ಅನ್ನಿಸುತ್ತಿತ್ತು.

ಊರಿನಲ್ಲಿ ಅರವತ್ತು ದಾಟಿದವರೆಲ್ಲರ ಪಟ್ಟಿಯಲ್ಲಿ ಅವಳ ಸರದಿಗೆ ಹದಿನೈದು ದಿನವಿತ್ತು. ನಾನು ದಿನಾ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕಳಿಗೆ ಪದ್ಯ ಹೇಳಿಕೊಟ್ಟ ಹಾಗೆ, ಆ ಮೂರು ಪದಗಳನ್ನು ಹೇಳಿಸಿದೆ. ಯಾಕೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಕೇಳಬೇಕೆಂಬುದೂ ಮರೆತಿದೆ ಎಂದುಕೊಂಡೆ.

ಪರೀಕ್ಷೆ ಮಾಡಲು ಬಂದವಳು ಸಣ್ಣ ವಯಸ್ಸಿನ ಹುಡುಗಿ. ಮನೆಯವರು ಎದುರಿಗೆ ಕೂರಬಾರದೆಂಬ ನಿಯಮವಿತ್ತು. ನಾನು ಅಡುಗೆಮನೆಯಲ್ಲಿ, ಬಾಗಿಲ ಹಿಂದೆ ನಿಂತಿದ್ದೆ.

"ಅಮ್ಮಾ, ಈಗ ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ."

"ಕಂಬಳಿ, ಏಣಿ, ನಿಂಬೆಹಣ್ಣು," ಎಂದಳು ಅಕ್ಕ.

ಹುಡುಗಿ ಹಾಳೆ ತಿರುವಿದ ಸದ್ದು ಕೇಳಿಸಿತು.

"ನಾನಿನ್ನೂ ಹೇಳೇ ಇಲ್ವಲ್ಲಮ್ಮ?"

"ನೀವ್ಯಾಕೆ ಹೇಳ್ಬೇಕು ಮಾರಾಯ್ತಿ? ಒಳಗೆ ನಿಂತಿದಾರಲ್ಲ ಟೀಚರು, ಅವ್ರು ದಿನಾ ಬಾಯಿಪಾಠ ಮಾಡ್ಸಿದಾರೆ." ಅಕ್ಕನ ದನಿ ಗಟ್ಟಿಯಾಗಿತ್ತು. "ನಂಗೆ ಮರೀತದೆ ಅಂತ ಅವ್ಳಿಗೆ ಗೊತ್ತು. ನಂಗೂ ಗೊತ್ತು. ನಿಮಗೆ ಗೊತ್ತಾಗ್ಬಾರ್ದು ಅಂತ ಇಷ್ಟೆಲ್ಲ."

ನಾನು ಹೊರಗೆ ಬಂದೆ. ತಪ್ಪಾಯಿತು ಎಂದು ಹೇಳಿದೆ. ಯಾರಿಗೆ ಹೇಳಿದೆನೋ ಈಗಲೂ ಸರಿಯಾಗಿ ಗೊತ್ತಿಲ್ಲ, ಕಣ್ಣು ನೆಲದ ಮೇಲಿತ್ತು. ಹುಡುಗಿ ಬೈಯಲಿಲ್ಲ. ಇವತ್ತಿನದು ಲೆಕ್ಕಕ್ಕೆ ಬರುವುದಿಲ್ಲ, ಬೇರೆ ಪದಗಳಿರುವ ಹಾಳೆ ತರುತ್ತೇನೆ, ಅದೂ ಅಮ್ಮನಿಗೆ ಇಷ್ಟವಿದ್ದರೆ ಮಾತ್ರ ಎಂದಳು. ಇದನ್ನು ಅವಳು ಅಕ್ಕನ ಕಡೆ ತಿರುಗಿ ಹೇಳಿದಳು. ಊರಿನಲ್ಲೆಲ್ಲ ಒಬ್ಬೊಬ್ಬರ ಒಪ್ಪಿಗೆ ಕೇಳಿಕೊಂಡು ತಿರುಗಿದ ನಾನು ಅಕ್ಕನನ್ನು ಕೇಳಿಯೇ ಇರಲಿಲ್ಲ.

"ಬನ್ನಿ," ಎಂದಳು ಅಕ್ಕ. "ಗೊತ್ತಿದ್ರೆ ಗೊತ್ತು ಅಂತೀನಿ, ಇಲ್ದಿದ್ರೆ ಇಲ್ಲ. ಅವತ್ತು ಇವ್ಳನ್ನ ಮೂಡಿಗೆರೆ ಸಂತೆಗೆ ಅಟ್ತೀನಿ."

ಮನೆಯವರನ್ನು ಕೇಳುವ ಪ್ರಶ್ನೆಗಳು ಬೇರೆ ಇದ್ದವು. ಅದಕ್ಕೆ ಬಾಯಿಪಾಠದ ಗೋಜಿಲ್ಲ, ಈಗಲೇ ಮುಗಿಸೋಣ ಎಂದಳು ಹುಡುಗಿ. ಅಕ್ಕ, ನಾನೂ ಇಲ್ಲೇ ಕೂತು ಕೇಳುತ್ತೇನೆ ಎಂದಳು. ಹುಡುಗಿ ಬೇಡವೆನ್ನಲಿಲ್ಲ.

ಮರೆವು ಮೊದಲು ಗೊತ್ತಾದದ್ದು ಯಾವಾಗ ಎಂಬ ಪ್ರಶ್ನೆಗೆ, ಎರಡು ವರ್ಷವಾಯಿತು ಎಂದೆ. ನಿಜವನ್ನೇ ಹೇಳಿದೆ.

"ಅಲ್ಲ," ಎಂದಳು ಅಕ್ಕ. "ಅದಕ್ಕೂ ಮುಂಚೆ. ಕೊಟ್ಟಿಗೆಹಾರದಲ್ಲಿ ಬಸ್ ಇಳ್ದೆ. ಮನೆ ದಾರಿ ಯಾವ ಕಡೆ ಅಂತ ಹೊಳೀಲಿಲ್ಲ. ಯಾರನ್ನ ಕೇಳೋದು? ಕೇಳಿದ್ರೆ ನಗ್ತಾರೆ. ಹೋಟೆಲಲ್ಲಿ ಕೂತೆ. ಹೋಟೆಲ್ ನಡೆಸೋ ಕಾಕ ಎರಡು ಸಲ ಚಾ ಕೊಟ್ಟ. ಆಮೇಲೆ ನಮ್ಮೂರಿನ ಜೀಪು ಬಂತು, ಹತ್ತಿ ಬಂದೆ. ಇವ್ಳಿಗೆ ಬಸ್ ಕೆಟ್ಟಿತ್ತು ಅಂದೆ."

ಹುಡುಗಿ ಬರೆದುಕೊಳ್ಳುತ್ತಿದ್ದಳು. ಆ ದಿನ ನನಗೆ ನೆನಪಿತ್ತು. ಮೂರು ಗಂಟೆಗೆ ಬರಬೇಕಾದವಳು ಬೆಳಕು ಇಳಿಯುವ ಹೊತ್ತಿಗೆ ಬಂದು ಜಗಲಿಯ ಮೇಲೆ ಕೂತಿದ್ದಳು. ನಾನು ಹೊಸ್ತಿಲಲ್ಲೇ ನಿಂತು, ಇಷ್ಟು ಹೊತ್ತು ಯಾರ ಜೊತೆ ಹರಟುತ್ತಿದ್ದೆ ಎಂದು ಗದರಿದ್ದೆ.