ದೇವರಗುಡ್ಡದ ಮೇಲೆ ಬುತ್ತಿ ಬಿಚ್ಚಿದ ದಿನ

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. "ಹಂಚು ಒಲಿಯಿಂದ ಇಳಿಸಿದ ಮ್ಯಾಲೂ ಕೈ ಸುಡತೈತಿ, ನಿನ್ನ ಸಿಟ್ಟೂ ಹಂಗ" ಎಂದು ನನ್ನ ಅತ್ತೆ ಹೇಳುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಇದು ಆ ಸಿಟ್ಟಿನದೇ ಕತೆ. ಕ್ಷಮೆ, ಕಣ್ಣೀರು ಬೇಕಾದವರು ಬೇರೆ ಯಾರನ್ನಾದರೂ ಓದಿಕೊಳ್ಳಬಹುದು.

ರಾಣೆಬೆನ್ನೂರಿನಲ್ಲಿ ನಮ್ಮದೊಂದು ಖಾನಾವಳಿ ಇದೆ. ಗಂಡ ತೀರಿಕೊಂಡ ಮೇಲೆ ಅತ್ತೆ ಮತ್ತು ನಾನು ಸೇರಿ ನಡೆಸಿಕೊಂಡು ಬಂದದ್ದು. ಊರಿನ ಬೇರೆ ಖಾನಾವಳಿಗಳಲ್ಲಿ ರೊಟ್ಟಿಗೆ ಯಂತ್ರ ಬಂದರೂ ನಮ್ಮಲ್ಲಿ ಇವತ್ತಿಗೂ ಕೈಯಿಂದಲೇ ಬಡಿಯುತ್ತೇವೆ. ಮೆಣಸಿನಕಾಯಿಗೆ ಬ್ಯಾಡಗಿ ಮಾರ್ಕೆಟ್ಟಿಗೆ ನಾನೇ ಹೋಗಿ, ಸೀನುತ್ತ ಕೆಮ್ಮುತ್ತ ಆರಿಸಿ ತರುತ್ತೇನೆ. ಎದುರಿಗೆ ಒಂದು ಬೀಜದ ಅಂಗಡಿ. ಅದರ ಸಾಹುಕಾರರು ಎಷ್ಟೋ ವರ್ಷ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ತಮ್ಮ ಅಂಗಡಿಯ ಆಳುಗಳನ್ನೂ ಕರೆತರುತ್ತಿದ್ದರು. ನನ್ನನ್ನು 'ತಂಗಿ' ಎನ್ನುತ್ತಿದ್ದರು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಆ ಮಾತನ್ನು ನಾನು ಖರೆ ಎಂದೇ ತಿಳಿದುಕೊಂಡೆ, ಪ್ರತಿ ನಾಗರ ಪಂಚಮಿಗೂ ಅವರ ಮನೆಗೆ ಡಬ್ಬಿ ತುಂಬ ಶೇಂಗಾ ಉಂಡಿ ಕಳಿಸಿದೆ.

ಆಮೇಲೆ ನನ್ನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹಾವೇರಿಯಲ್ಲಿ ತೋರಿಸಿದೆವು, ಅಲ್ಲಿಂದ ಹುಬ್ಬಳ್ಳಿಗೆ ಹೋದೆವು. ಒಂದು ಎದೆಯನ್ನು ತೆಗೆದರು. ಕೀಮೋ ಕೊಟ್ಟರು, ತಲೆಯ ಕೂದಲೆಲ್ಲ ಉದುರಿತು. ಎಲ್ಲ ಮುಗಿಸಿ, ತಲೆಯ ಮೇಲೆ ಸೆರಗು ಹೊದ್ದು, ಖಾನಾವಳಿಯ ಬಾಗಿಲು ತೆಗೆದ ದಿನ ನನಗೆ ಹಬ್ಬದಷ್ಟು ಖುಷಿಯಾಗಿತ್ತು. ಮಧ್ಯಾಹ್ನವಾಯಿತು. ಸಾಹುಕಾರರು ಬರಲಿಲ್ಲ, ಅವರ ಆಳುಗಳೂ ಬರಲಿಲ್ಲ. ಮರುದಿನ ಆ ಆಳುಗಳಲ್ಲಿ ಒಬ್ಬ ನಾಚಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಒಂದಿಷ್ಟ ದಿನ ಬ್ಯಾರೆ ಕಡೆ ಉಣ್ರಿ ಅಂದಾರ್ರಿ ಸಾವ್ಕಾರ್ರು. ಕೈಲೆ ಬಡಿದ ರೊಟ್ಟಿ ಅಲ್ಲೇನ್ರಿ, ಅದಕ್ಕ."

ಸಾಹುಕಾರರು ಆಡಿದ ಮಾತು ಅಂಗಡಿಯಿಂದ ಅಂಗಡಿಗೆ ಹೋಯಿತು. ಆಕೆಯ ಕೈಯ ರೊಟ್ಟಿ ತಿಂದರೆ ಆ ರೋಗ ಬರುತ್ತದೆ ಎಂದು ಯಾರೂ ನನ್ನ ಮುಂದೆ ಹೇಳಲಿಲ್ಲ, ಸುಮ್ಮನೆ ಬರುವುದನ್ನು ಬಿಟ್ಟರು. ಆ ವರ್ಷವೂ ಪಂಚಮಿಗೆ ಉಂಡಿ ಕಳಿಸಿದೆ. ಯಾಕೆ ಕಳಿಸಿದೆನೋ, ಹುಚ್ಚು. ಸಂಜೆ ನೋಡುತ್ತೇನೆ, ಸಾಹುಕಾರರು ತಮ್ಮ ಅಂಗಡಿಯ ಮೆಟ್ಟಿಲ ಮುಂದೆ ನಿಂತು, ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದು, ಅಷ್ಟೂ ಉಂಡಿಯನ್ನು ಬೀದಿಯ ಆಕಳ ಮುಂದೆ ಸುರಿಯುತ್ತಿದ್ದರು. ಆಕಳು ತಿಂದು ಬಾಲ ಬೀಸಿಕೊಂಡು ಹೋಯಿತು. ಅದಕ್ಕೇನೂ ಆಗಲಿಲ್ಲ. ಇವತ್ತಿಗೂ ಮಾರ್ಕೆಟ್ಟಿನಲ್ಲಿ ಕಂಡವರ ಬುಟ್ಟಿಗೆ ಬಾಯಿ ಹಾಕುತ್ತ ಗಟ್ಟಿಮುಟ್ಟಾಗಿದೆ.

ಅವತ್ತು ನಾನು ಅಳಲಿಲ್ಲ. ಈ ಮನುಷ್ಯನ ಬಾಯಿಗೆ ನನ್ನ ಕೈಯ ರೊಟ್ಟಿ ಹಾಕಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿ ಹೇಳಿಕೊಂಡೆ. ಅಷ್ಟರಲ್ಲಿ ಖಾನಾವಳಿಯ ಸ್ಥಿತಿ ಕೆಟ್ಟಿತ್ತು. ಸ್ಟೇಶನ್ನಿನಿಂದ ದಾರಿ ತಪ್ಪಿ ಬಂದ ಪರ ಊರಿನವರು ಬಿಟ್ಟರೆ ಉಣ್ಣುವವರೇ ಇರಲಿಲ್ಲ. ಅತ್ತೆ ಒಂದು ದಿನ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತ, "ದೀಪಾವಳಿ ತನಕ ನೋಡೂಣು. ಆಮ್ಯಾಲೆ ಬಾಗಿಲ ಹಾಕೂಣು" ಎಂದರು. ನನಗೆ ಬೇರೆ ಏನೂ ಬರುತ್ತಿರಲಿಲ್ಲ. ಊರು ಮತ್ತೆ ನನ್ನ ಕೈಯ ರೊಟ್ಟಿ ತಿಂದರೆ ನಾನು ಉಳಿಯುತ್ತಿದ್ದೆ, ಇಲ್ಲದಿದ್ದರೆ ಇಲ್ಲ.

ಆ ದಿನಗಳಲ್ಲೇ ಬಸ್‌ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತು. ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸಲು ರಾಣೆಬೆನ್ನೂರಿನಿಂದ ದೇವರಗುಡ್ಡಕ್ಕೆ ಸಾಮೂಹಿಕ ನಡಿಗೆ. ಊರಿನ ಸೇವಾ ಸಂಘವೊಂದು ಅದನ್ನು ಏರ್ಪಡಿಸಿತ್ತು. ಫ್ಲೆಕ್ಸಿನ ನಡುವೆ, ಕೈ ಮುಗಿದುಕೊಂಡು, ಸಂಘದ ಹೊಸ ಅಧ್ಯಕ್ಷರು ನಗುತ್ತಿದ್ದರು. ಅದೇ ಸಾಹುಕಾರರು. ಅವರ ಎದೆಯ ಕೆಳಗೆ ದಪ್ಪ ಅಕ್ಷರದಲ್ಲಿ 'ಕ್ಯಾನ್ಸರ್ ಅಂಟುರೋಗವಲ್ಲ' ಎಂದು ಬರೆದಿತ್ತು. ನಾನು ಅಲ್ಲೇ ನಿಂತು ಒಬ್ಬಳೇ ನಕ್ಕೆ. ಪಕ್ಕದಲ್ಲಿ ಗುತ್ತಲದ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ನನ್ನನ್ನು ಒಂದು ಥರ ನೋಡಿ ಸರಿದು ನಿಂತಳು.

ಹೆಸರು ಬರೆಸಲು ಸಂಘದ ಕಚೇರಿಗೆ ಹೋದಾಗ ಸಾಹುಕಾರರು ಅಲ್ಲೇ ಕುಳಿತಿದ್ದರು. ನನ್ನನ್ನು ಕಂಡು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡರು.

"ನೀನೂ ನಡೀತೀಯೇನ ತಂಗಿ? ಸುಮ್ನ ತ್ರಾಸ ಆಗತೈತಿ."

"ನಮ್ಮಂಥಾರ ಸಲುವಾಗಿ ನೀವ ಇಷ್ಟ ತ್ರಾಸ ತಗೋಳಾಕತ್ತೀರಿ. ನಾ ಮನ್ಯಾಗ ಕುಂತ್ರ ಹ್ಯಾಂಗ್ರಿ ಅಣ್ಣಾರ?"

ಸುತ್ತ ಕುಳಿತವರು ಆಹಾ ಎಂದರು. ಊಟದ ಮಾತು ಬಂತು. ಅಡುಗೆಯವರನ್ನು ಕರೆಸಿದರೆ ನಿಧಿಗೆ ಕೈ ಹಾಕಬೇಕಾಗುತ್ತದೆ, ಅವರವರ ಬುತ್ತಿ ಅವರವರು ತರಲಿ, ಗುಡ್ಡದ ಮೇಲೆ ಎಲ್ಲರೂ ಕೂಡಿ ಬಿಚ್ಚೋಣ ಎಂದು ಸಾಹುಕಾರರೇ ಹೇಳಿದರು. ಪಾಪ, ಹೇಳುವಾಗ ಅವರಿಗೆ ಹೊಳೆಯಲಿಲ್ಲ. ನಮ್ಮ ಕಡೆ ಬುತ್ತಿ ಬಿಚ್ಚಿದರೆ ಯಾರೂ ತಮ್ಮದನ್ನು ತಾವೇ ಉಂಡು ಏಳುವುದಿಲ್ಲ. ನಮ್ಮದನ್ನು ಪಕ್ಕದವರ ತಾಟಿಗೆ ಹಾಕಬೇಕು, ಅವರದನ್ನು ನಾವು ಇಸಿದುಕೊಳ್ಳಬೇಕು. ಒಲ್ಲೆ ಅಂದರೆ ಕೆನ್ನೆಗೆ ಹೊಡೆದ ಹಾಗೆ. ಹೊಲಕ್ಕೆ ಹೋದಾಗ ಜಗಳವಾಡಿಕೊಂಡ ದಾಯಾದಿಗಳೂ ಬುತ್ತಿಯ ಮುಂದೆ ಒಲ್ಲೆ ಎನ್ನುವುದಿಲ್ಲ.

ಹಿಂದಿನ ದಿನವೆಲ್ಲ ಅಡುಗೆ ಮಾಡಿದೆ. ಶಾಸ್ತ್ರ ಹೇಳಿ ಬದನೆಕಾಯಿ ತಿನ್ನುವವರಿಗೆಂದು ಬದನೆಕಾಯಿಯ ಎಣ್ಣೆಗಾಯಿಯನ್ನೇ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಚಟ್ನಿಗೆ ಒಂದು ಹಿಡಿ ಗುಂಟೂರಿನದು ಬೆರೆಸಿಬಿಡಲೇ ಎಂದು ಕೈ ಕಡಿಯಿತು. ಬೆರೆಸಲಿಲ್ಲ. ಬಾಯಿ ಉರಿಸಿದರೆ ಅರ್ಧ ಗಂಟೆಯಲ್ಲಿ ಆರುತ್ತದೆ, ಅದು ಮಕ್ಕಳ ಸೇಡು. ನನಗೆ ಅವರು ರುಚಿಯಾದದ್ದನ್ನೇ ಹೆದರಿಕೊಂಡು ತಿನ್ನಬೇಕಿತ್ತು.

ಬೆಳಿಗ್ಗೆ ಎಲ್ಲರಿಗೂ ಗುಲಾಬಿ ಬಣ್ಣದ ಟೀ ಶರ್ಟು ಕೊಟ್ಟರು. ನಾವು ಹೆಂಗಸರು ಸೀರೆಯ ಮೇಲೇ ತೊಟ್ಟುಕೊಂಡೆವು. ನಾನು ಸಾಹುಕಾರರ ಬೆನ್ನ ಹಿಂದೆಯೇ ನಡೆದೆ. ದೇವರಗುಡ್ಡದ ದಾರಿಯಲ್ಲಿ ಗುಂಪು ನಡೆದರೆ ಹಳ್ಳಿಯವರಿಗೆ ಅದು ಪಾದಯಾತ್ರೆಯೇ. ಮುದುಕಿಯರು ಓಡಿ ಬಂದು ಕಾಲು ಮುಟ್ಟಿದರು. ಒಬ್ಬಾಕೆ ಸಾಹುಕಾರರ ಪಾದದ ಧೂಳನ್ನು ಹಣೆಗೆ ಹಚ್ಚಿಕೊಂಡು ಕೇಳಿದಳು:

"ಯಾವ ಹರಕಿರಿ ಯಪ್ಪಾ?"

"ಹರಕಿ ಅಲ್ಲ ಯವ್ವಾ, ಕ್ಯಾನ್ಸರ್ ಸಂಶೋಧನಾ."

"ಯಾವ ದೇವ್ರರ ಇರ್ಲಿ, ಚಲೋ ಮಾಡ್ಲಿ."

ಆ ಮುದುಕಿ ನನಗೂ ಮಜ್ಜಿಗೆ ಕೊಟ್ಟಳು. ಕುಡಿದೆ. ಆದರೆ ಆ ಪಾದಕ್ಕೆ ಹತ್ತಿದ ಧೂಳೂ ಪುಣ್ಯವಾಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಏರು ಶುರುವಾದಾಗ ಸಾಹುಕಾರರು ಏದುಸಿರು ಬಿಡತೊಡಗಿದರು. ನಾನು ಬೇಕೆಂದೇ ಮುಂದೆ ಹೋಗಿ, ತಿರುಗಿ ನಿಂತು, "ಬರ್ರಿ ಅಣ್ಣಾರ, ಕೀಮೋ ತಗೊಂಡಾಕಿ ನಾನ ಏರಾಕತ್ತೇನಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಮೇಲೆ ತಲುಪುವ ತನಕ ಮೂರು ಸಲವಾದರೂ ಕೂಗಿರಬೇಕು.

ಗುಡ್ಡದ ಮೇಲೆ ಅವರ ಭಾಷಣವಾಯಿತು. ಕ್ಯಾನ್ಸರ್ ಆದವರನ್ನು ದೂರ ಇಡಬೇಡಿ, ಅವರ ಜೊತೆ ಕೂತು ಉಣ್ಣಿ ಎಂದು ಹೇಳಿದರು. ಮಾತು ಚೆನ್ನಾಗಿತ್ತು. ಕೇಳಿದ ಜನ ಅಲ್ಲೇ ದೇಣಿಗೆ ಕೊಡಲು ಎದ್ದು ನಿಂತರು. ಆಮೇಲೆ ಸಾಲಾಗಿ ಕುಳಿತು ಬುತ್ತಿ ಬಿಚ್ಚಿದೆವು. ಸಾಹುಕಾರರು ಸಾಲಿನ ಆ ತುದಿ ಹಿಡಿದಿದ್ದರು. ನಾನು ಬುತ್ತಿಗಂಟನ್ನು ಎತ್ತಿಕೊಂಡು ನೆಟ್ಟಗೆ ಅಲ್ಲಿಗೇ ಹೋದೆ. ಅವರ ತಾಟಿಗೆ ರೊಟ್ಟಿ ಹಾಕಿದೆ, ಮೇಲೆ ಎಣ್ಣೆಗಾಯಿ ಹಾಕಿದೆ.

"ಉಣ್ರಿ ಅಣ್ಣಾರ. ನನ್ನ ಕೈಲೆ ಬಡದದ್ದು."

ಫೋನುಗಳು ಮೇಲೆದ್ದವು. ಸಾಹುಕಾರರ ಹಣೆಯಲ್ಲಿ ಬೆವರು ಒಡೆಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿ ತುಪ್ಪ. ಒಂದು ತುತ್ತು ಮುರಿದು ಬಾಯಿಗಿಟ್ಟರು. ಅಗಿಯದೆ ನುಂಗಿದರು. ಅವರ ಗಂಟಲ ಗಂಟು ಮೇಲೆ ಕೆಳಗೆ ಆಡಿದ್ದನ್ನು ನೋಡಿ ನನಗಾದ ಸುಖವನ್ನು ಹೇಳಲು ನಾಚಿಕೆಯಿಲ್ಲ.

ಆ ಸುಖ ಹೆಚ್ಚು ಹೊತ್ತು ಬಾಳಲಿಲ್ಲ. ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. "ಎಷ್ಟ ದೊಡ್ಡ ಮನಸ್ಸರಿ ಸಾವ್ಕಾರ್ರದು! ರೋಗಿ ಕೈಲೆ ಇಸ್ಕೊಂಡ ಉಂಡ್ರು!" ಎಂದು ಒಬ್ಬರ ಕಣ್ಣಲ್ಲಿ ನೀರೇ ಬಂತು. ಯಾರೋ ಶಾಲು ತಂದು ಅವರ ಹೆಗಲಿಗೆ ಹೊದಿಸಿದರು. ನಾನು ಬುತ್ತಿಗಂಟು ಹಿಡಿದುಕೊಂಡು ಪೆಚ್ಚಾಗಿ ನಿಂತೆ. ನಾನೇ ಕಟ್ಟಿ ತಂದ ಸೇಡು ಅವರನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿಬಿಟ್ಟಿತ್ತು.

ತಾಟು ತೊಳೆಯಲು ಒಂದು ಬಂಡೆಯ ಹಿಂದೆ ಹೋದೆ. ಅಲ್ಲಿ ಸಾಹುಕಾರರು ಬಗ್ಗಿ ನಿಂತಿದ್ದರು. ಗಂಟಲಿಗೆ ಬೆರಳು ಹಾಕಿ ಕಾರಿಕೊಂಡಿದ್ದರು. ಈಗ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸುತ್ತ, ಉಗುಳುತ್ತ, ಮತ್ತೆ ಮುಕ್ಕಳಿಸುತ್ತ ಇದ್ದರು. ಶಾಲು ಹೆಗಲ ಮೇಲೇ ಇತ್ತು. ನನ್ನನ್ನು ಕಂಡು ಶಾಲಿನ ತುದಿಯಿಂದ ಬಾಯಿ ಒರೆಸಿಕೊಂಡರು.

"ತಂಗಿ, ಯಾರ ಮುಂದೂ ಹೇಳಬ್ಯಾಡವಾ. ನಮ್ಮವ್ವ ಇದ್ರಾಗ ಹೋದಳು. ಸಣ್ಣಾಂವ ಇದ್ದೆ. ಆಕಿ ತಾಟು, ಸೀರಿ, ಎಲ್ಲಾ ಸುಟ್ಟರು. ಆಕೀ ಜೋಡಿ ಉಣಬ್ಯಾಡ ಅಂತ ನನ್ನ ಕಟ್ಟಿ ಹಾಕಿದ್ರು. ಅವತ್ತಿನಿಂದ ಹೊಟ್ಯಾಗ ಒಂದ ಅಂಜಿಕಿ ಕುಂತೈತಿ. ಏನ ಮಾಡಿದ್ರೂ ಹೋಗವಲ್ದು."

ಅವರು ಹೇಳಿದ್ದು ಖರೆ ಎಂದು ಗೊತ್ತಾಯಿತು. ನನಗೆ ಕನಿಕರ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ. ನಿಮ್ಮ ಹೊಟ್ಟೆಯ ಅಂಜಿಕೆಗೆ ನನ್ನ ಒಲೆ ಯಾಕೆ ಆರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು. ಬಂಡೆಯ ಆಚೆ ಇಡೀ ಊರೇ ಇತ್ತು.

ಕೂಗಲು ಬಾಯಿ ತೆರೆದೆ. ಆಚೆಯಿಂದ ಇನ್ನೂ ದೇಣಿಗೆ ಹೇಳುವವರ ದನಿ ಕೇಳುತ್ತಿತ್ತು. ಅಧ್ಯಕ್ಷರೇ ಕಾರಿಕೊಂಡರು ಎಂದು ತಿಳಿದರೆ ಆ ಜನ ಎದ್ದು ಹೋಗುತ್ತಿದ್ದರು. ಆ ರೋಗ ಮತ್ತೆ ಬಾರದಿರಲೆಂದು ದಿನಾ ಬೆಳಿಗ್ಗೆ ನಾನೊಂದು ಗುಳಿಗೆ ನುಂಗುತ್ತೇನೆ. ಅದನ್ನು ಯಾರೋ ಕಂಡುಹಿಡಿದಿದ್ದಾರೆ. ಅದಕ್ಕೆ ಯಾವ ಊರಿನವರು ಯಾವ ಗುಡ್ಡ ಹತ್ತಿ ಹಣ ಕೂಡಿಸಿದರೋ, ಅವರಲ್ಲೂ ಇಂಥವರು ಎಷ್ಟು ಮಂದಿ ಇದ್ದರೋ. ಗುಳಿಗೆಯಂತೂ ಕೆಲಸ ಮಾಡುತ್ತಿದೆ. ನಾನು ಬಾಯಿ ಮುಚ್ಚಿದೆ, ಆಮೇಲೆ ಮೆಲ್ಲಗೆ ಹೇಳಿದೆ:

"ಹೇಳಂಗಿಲ್ರಿ. ಆದ್ರ ನಾಳಿಂದ ದಿನಾ ಮಧ್ಯಾಹ್ನ ನಮ್ಮಲ್ಲೆ ಬಂದು ಉಣಬೇಕು. ಬಾಗಿಲ ಹತ್ರದ ಮೇಜಿಗೆ. ಹೋಗೂ ಬರೂ ಮಂದಿಗೆ ಕಾಣಂಗ."

ಮಾತು ಕೊಟ್ಟ ಹಾಗೆ ಯಾರಿಗೂ ಹೇಳಲಿಲ್ಲ. ಈಗ ಬರೆದಿದ್ದೇನೆ, ಅದು ಬೇರೆ.

ಮರುದಿನ ಅವರು ಬಂದರು. ಬಾಗಿಲ ಬಳಿಯ ಮೇಜಿಗೆ ಕುಳಿತು, ರೊಟ್ಟಿಯನ್ನು ಸಣ್ಣ ಚೂರು ಮಾಡಿ, ಒಂದೊಂದು ಚೂರಿಗೂ ನೀರು ಕುಡಿದು ನುಂಗಿದರು. ನಾನು ಪಕ್ಕದಲ್ಲೇ ನಿಂತು ಕಣ್ಣು ತುಂಬ ನೋಡಿದೆ. "ಇನ್ನೊಂದ ಹಾಕ್ಲೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಕಿದೆ. ವಾರ ಕಳೆಯುವುದರೊಳಗೆ ಅವರ ಆಳುಗಳು ಬಂದರು. ಸಾಹುಕಾರರೇ ಉಣ್ಣುತ್ತಿರುವಾಗ ನಮಗೇನು ಎಂದು ಮಾರ್ಕೆಟ್ಟಿನವರೂ ಬಂದರು. ದೀಪಾವಳಿ ಬಂತು, ಹೋಯಿತು, ಬಾಗಿಲು ಹಾಕುವ ಮಾತನ್ನು ಅತ್ತೆ ಎತ್ತಲಿಲ್ಲ. ನಮ್ಮ ಹಂಚು ಮೊದಲಿಗಿಂತ ಹೆಚ್ಚು ಹೊತ್ತು ಕಾಯತೊಡಗಿತು. ಅಷ್ಟು ಜನರ ನಡುವೆಯೂ ನಾನು ದಿನಾ ಆ ಮೇಜಿನ ಬಳಿ ಹೋಗಿ ನಿಲ್ಲುವುದನ್ನು ತಪ್ಪಿಸಲಿಲ್ಲ. ಅವರ ಮುಖದ ಅಂಜಿಕೆ ನನ್ನ ದಿನದ ಊಟವಾಗಿತ್ತು.

ಒಂದು ಮಧ್ಯಾಹ್ನ ಬೇರೆಯವರಿಗೆ ಬಡಿಸಿ ಬರುವುದು ಸ್ವಲ್ಪ ತಡವಾಯಿತು. ನೋಡುತ್ತೇನೆ, ಸಾಹುಕಾರರು ನೀರನ್ನು ಮುಟ್ಟಿಯೇ ಇರಲಿಲ್ಲ. ದೊಡ್ಡ ದೊಡ್ಡ ತುತ್ತು ಮುರಿದು, ಎಣ್ಣೆಗಾಯಿಯನ್ನು ಬಳಿದು ಬಳಿದು ಉಣ್ಣುತ್ತಿದ್ದರು. ಗಲ್ಲಕ್ಕೆ ಎಣ್ಣೆ ಹತ್ತಿತ್ತು. ಮುಖದಲ್ಲಿ ಅಂಜಿಕೆಯ ಸುಳಿವೇ ಇರಲಿಲ್ಲ. ಹಸಿದು ಬಂದ ಮನುಷ್ಯನ ಮುಖ ಅಷ್ಟೇ.

"ತಂಗಿ, ಬದನಿಕಾಯಿ ಇವತ್ತ ಭಾಳ ಚಲೋ ಆಗೇತಿ. ಇನ್ನೊಂದ ರೊಟ್ಟಿ ಹಾಕವಾ."

ಇಷ್ಟು ತಿಂಗಳಲ್ಲಿ ಅವರು ತಾವಾಗಿ ಕೇಳಿದ್ದು ಅದೇ ಮೊದಲು. ದನಿ ಹಳೆಯ ದಿನಗಳದೇ ಆಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಇವರಿಗೆ ಕೊಟ್ಟದ್ದು ಶಿಕ್ಷೆ. ಅದನ್ನು ಇವರು ಊಟ ಮಾಡಿಕೊಂಡು ಕುಳಿತಿದ್ದರು. ಅವರ ಅವ್ವನ ಕಾಲದಿಂದ ಕುಳಿತಿದ್ದ ಅಂಜಿಕೆಯನ್ನು ನನ್ನ ಕೈಯಾರೆ, ನನ್ನ ರೊಟ್ಟಿಯಿಂದಲೇ ಬಿಡಿಸಿ ಕಳಿಸಿದ್ದೆ.

"ರೊಟ್ಟಿ ಮುಗದಾವ್ರಿ" ಎಂದೆ.

ನನ್ನ ಸೊಂಟದ ಮೇಲೆ ಬುಟ್ಟಿ ಇತ್ತು. ಬುಟ್ಟಿಯ ತುಂಬ ರೊಟ್ಟಿ ಇತ್ತು. ಅವರು ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ತಾಟಿನಲ್ಲಿ ಎಣ್ಣೆಗಾಯಿ ಇನ್ನೂ ಉಳಿದಿತ್ತು. ಅದನ್ನು ಹಾಗೇ ಬಿಟ್ಟು ಎದ್ದು, ಕೈ ತೊಳೆದುಕೊಂಡು, ರಸ್ತೆ ದಾಟಿ ಹೋದರು. ಆಮೇಲೆ ಬರಲಿಲ್ಲ.

ಒಲೆಯ ಮುಂದಿನಿಂದ ಅತ್ತೆ ಎಲ್ಲವನ್ನೂ ನೋಡಿದ್ದರು.

"ಹಸದಾಂವನ್ನ ತಾಟಿನ ಮುಂದಿಂದ ಎಬ್ಬಿಸಿದಿ. ಖಾನಾವಳಿ ನಡಸಾಕಿ ನೀನು. ಪಾಪ ಹತ್ತತೈತಿ."

"ಹತ್ಲಿ ಬಿಡ್ರಿ ಅತ್ತಿ" ಎಂದೆ. ಸಾಹುಕಾರರು ಬಿಟ್ಟು ಹೋದ ತಾಟಿನ ಮುಂದೆ ಕುಳಿತು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಆ ಎಣ್ಣೆಗಾಯಿಗೇ ಹಚ್ಚಿಕೊಂಡು ಉಂಡೆ. ಬದನೆಕಾಯಿ ಅವತ್ತು ನಿಜಕ್ಕೂ ಚೆನ್ನಾಗಿ ಆಗಿತ್ತು.